ಮಕ್ಕಳ ಏಳು ತುಂಡಿನ ಸ್ಕೇಟಿಂಗ್ ಸೆಟ್: ಹೆಲ್ಮೆಟ್‌ಗಿಂತ ಮೊದಲು ಮಣಿಕಟ್ಟಿನ ಗಾರ್ಡ್ ನೋಡಿ

ಶಿವಮೊಗ್ಗದ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಬಲೆಚೀಲಕ್ಕೆ ತುಂಬಿ ನೇತುಹಾಕಿರುವ ಸೆಟ್ ಇದು. ಒಂದು ಹೆಲ್ಮೆಟ್, ಮೊಣಕಾಲು, ಮೊಣಕೈ, ಮಣಿಕಟ್ಟಿಗೆ ಒಂದೊಂದು ಜೊತೆ, ಒಟ್ಟು ಏಳು. ಬೆಲೆ 600ರಿಂದ 1,000 ರೂಪಾಯಿಯ ಆಸುಪಾಸು. ಮಗುವನ್ನು ಸ್ಕೇಟಿಂಗ್‌ಗೆ ಸೇರಿಸುವವರೂ, ಸೈಕಲ್ ಕೊಡಿಸುವವರೂ, ಚಳಿಗಾಲದಲ್ಲಿ ಮನಾಲಿ, ಗುಲ್ಮಾರ್ಗ್ ಕಡೆ ಹೊರಟವರೂ ಇದನ್ನೇ ಕೊಳ್ಳುತ್ತಾರೆ. ಪರೀಕ್ಷಿಸಿ ಆರಿಸಿದರೆ ಸ್ಕೇಟಿಂಗ್‌ಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಹಿಮಕ್ಕೆ ಸಾಲದು.

ಅಂಗಡಿಯಲ್ಲಿ ಎಲ್ಲರ ಕಣ್ಣೂ ಹೆಲ್ಮೆಟ್ಟಿನ ಬಣ್ಣದ ಮೇಲೆ. ಆದರೆ ಬೀಳುವ ಮಗು ಮೊದಲು ಊರುವುದು ಅಂಗೈಯನ್ನು. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬಂದು, ಮುಂಗೈ ಮೂಳೆ ತುದಿಯಲ್ಲಿ ಮುರಿಯುತ್ತದೆ. ಗಾರ್ಡ್‌ನ ಅಂಗೈ ಬದಿಯಲ್ಲಿ ಬಾಗಿದ ಪ್ಲಾಸ್ಟಿಕ್ ಪಟ್ಟಿ ಇರುವುದು ಇದಕ್ಕೇ: ಕೈ ನೆಲಕ್ಕೆ ಕಚ್ಚಿ ನಿಲ್ಲದೆ ಜಾರಬೇಕು, ಮಣಿಕಟ್ಟು ಹಿಂದಕ್ಕೆ ಮಡಚಬಾರದು. ಆ ಪಟ್ಟಿಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಐಸ್‌ಕ್ರೀಂ ಡಬ್ಬಿಯ ಮುಚ್ಚಳದಂತೆ ಬಳುಕಿದರೆ ಆ ಸೆಟ್ ಬೇಡ. ಅಗ್ಗದವುಗಳಲ್ಲಿ ಪಟ್ಟಿ ಹೊಲಿಗೆಯ ಚೀಲದೊಳಗೆ ಸಡಿಲವಾಗಿದ್ದು, ನಾಲ್ಕು ಸಲ ಬೀಳುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಇನ್ನೊಂದು ತಪ್ಪು ಮಕ್ಕಳದು. ಅವಸರದಲ್ಲಿ ಗಾರ್ಡನ್ನು ತಿರುಗಿಸಿ ಹಾಕಿಕೊಳ್ಳುತ್ತಾರೆ, ಉಬ್ಬು ಕೈ ಹಿಂಬದಿಗೆ ಹೋಗಿರುತ್ತದೆ. ಉಬ್ಬು ಅಂಗೈಗೇ ಬರಬೇಕು.

ಹೆಲ್ಮೆಟ್ಟಿನ ಒಳಗಿನ ಸ್ಪಂಜು ಕಿತ್ತು ನೋಡಿ, ವೆಲ್ಕ್ರೋದಲ್ಲಿ ಅಂಟಿಸಿರುತ್ತಾರೆ. ಅದರ ಹಿಂದೆ ಥರ್ಮಾಕೋಲ್‌ನಂಥ ಗಟ್ಟಿ ಪದರ ಇರಲೇಬೇಕು. ಪೆಟ್ಟನ್ನು ತಾನು ಕುಸಿದು ಹೀರುವುದು ಆ ಪದರ. ಸ್ಪಂಜು ತಲೆಗೆ ಸರಿಯಾಗಿ ಕೂರಲು ಮಾತ್ರ. ಚಿಪ್ಪು, ಸ್ಪಂಜು ಎರಡೇ ಇದ್ದರೆ ಅದು ಹೆಲ್ಮೆಟ್ ಅಲ್ಲ, ಆಟಿಕೆ. ಒಳಗೆ ಇಎನ್ 1078 ಎಂಬ ಚೀಟಿ ಹುಡುಕಿ, ಸೈಕಲ್ ಮತ್ತು ಸ್ಕೇಟಿಂಗ್‌ನ ಮಾನದಂಡ ಅದು. ಐಎಸ್ 4151 ಇರುವುದು ಬೈಕಿನ ಹೆಲ್ಮೆಟ್‌ಗೆ. ಅಳತೆಗೆ ದರ್ಜಿ ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ ತಲೆಯ ಸುತ್ತ ಹಿಡಿಯಿರಿ. ಹೆಲ್ಮೆಟ್ಟಿನ ಕಟ್ಟುಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗಲ್ಲದಡಿ ಒಂದು ಬೆರಳಷ್ಟೇ ಜಾಗ. ಜೋರಾಗಿ ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಾಯಿಸಿ. ಕುಸಿದ ಪದರ ಮತ್ತೆ ಏಳುವುದಿಲ್ಲ.

ಮೊಣಕಾಲಿನ ಪ್ಯಾಡ್ ಹಾಕಿಸಿ ಅಂಗಡಿಯಲ್ಲೇ ಹತ್ತು ಬಸ್ಕಿ ಹೊಡೆಸಿ. ಕೆಳಗೆ ಜಾರಿದರೆ ಒಂದು ಸೈಜು ಚಿಕ್ಕದು ಕೇಳಿ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡದು ಕೊಂಡರೆ, ಬಿದ್ದಾಗ ಪ್ಯಾಡ್ ಕಣಕಾಲಿನ ಮೇಲಿರುತ್ತದೆ, ಮಂಡಿ ಜಲ್ಲಿಯ ಮೇಲೆ. ಮೊಣಕೈಯದಕ್ಕೂ ಇದೇ ಮಾತು. ಹಾಕುವ ಕ್ರಮ: ಸ್ಕೇಟ್ಸ್ ಕಟ್ಟುವ ಮೊದಲೇ ಮೊಣಕಾಲಿನದು, ಆಮೇಲೆ ಮೊಣಕೈ, ಹೆಲ್ಮೆಟ್. ಮಣಿಕಟ್ಟಿನದು ಕೊನೆಗೆ, ಅದನ್ನು ಹಾಕಿದ ಮೇಲೆ ಬಕಲ್ ಹಾಕಲು ಬೆರಳು ಬಗ್ಗುವುದಿಲ್ಲ.

ಮಲೆನಾಡಿನಲ್ಲಿ ಈ ಸೆಟ್‌ನ ನಿಜವಾದ ಶತ್ರು ಮಳೆಗಾಲ. ಬೆವರು ಕುಡಿದ ಪ್ಯಾಡನ್ನು ಹಾಗೇ ಚೀಲದಲ್ಲಿಟ್ಟರೆ ಒಂದೇ ವಾರಕ್ಕೆ ಬೂಷ್ಟು ಹಿಡಿದು, ಮಗುವಿನ ಚರ್ಮ ಕೆರೆತ ಶುರು. ತಣ್ಣೀರು, ಸೋಪಿನಲ್ಲಿ ತೊಳೆದು ಫ್ಯಾನಿನ ಕೆಳಗೆ ಒಣಗಿಸಿ. ಹೆಲ್ಮೆಟ್ಟನ್ನಂತೂ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕಬೇಡಿ, ಶಾಖಕ್ಕೆ ಒಳಪದರ ಸೊಟ್ಟಗಾಗುತ್ತದೆ. ವೆಲ್ಕ್ರೋಗೆ ದಾರ, ಕೂದಲು ಮೆತ್ತಿಕೊಂಡು ಹಿಡಿತ ತಪ್ಪಿದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯಿರಿ. ಪಾಚಿ ಕಟ್ಟಿದ ಅಂಗಳದಲ್ಲಿ, ಗೇಟಿನಾಚೆಯ ಇಳಿಜಾರಿನಲ್ಲಿ ಯಾವ ಗಾರ್ಡೂ ಸಾಲದು. ಅಲ್ಲಿ ಸ್ಕೇಟ್ಸ್ ಕಟ್ಟಿಸಲೇಬೇಡಿ.

ಇಷ್ಟೆಲ್ಲ ಹಾಕಿಯೂ ಬಿದ್ದು ಮಣಿಕಟ್ಟು ಊದಿಕೊಂಡರೆ, ಉಳುಕು ಎಂದು ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಮೆದು ಭಾಗವೊಂದಿದೆ. ಅಲ್ಲಿನ ಪೆಟ್ಟು ಹೊರಗೆ ಉಳುಕಿನಂತೆಯೇ ಕಾಣುತ್ತದೆ, ಗಮನಿಸದೆ ಬಿಟ್ಟರೆ ಮೂಳೆಯ ಬೆಳವಣಿಗೆಯೇ ಸೊಟ್ಟಗಾಗಬಹುದು. ಕೈ ಅಲುಗದಂತೆ ರಟ್ಟು ಕಟ್ಟಿ, ಮೂಳೆ ಡಾಕ್ಟರ ಹತ್ತಿರ ಎಕ್ಸ್‌ರೇ ಮಾಡಿಸಿ.

ಇನ್ನು ಹಿಮದ ಮಾತು. ಸ್ನೋಬೋರ್ಡಿನಲ್ಲಿ ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ. ಆಯ ತಪ್ಪಿದಾಗ ಕಾಲು ಎತ್ತಿಡಲು ಆಗದೆ, ಮುಂದಕ್ಕಾದರೆ ಅಂಗೈ ಮೇಲೆ, ಹಿಂದಕ್ಕಾದರೆ ಕುಂಡಿ ಮೇಲೆ, ಎಷ್ಟೋ ಸಲ ತಲೆಯ ಹಿಂಬದಿಗೂ ಪೆಟ್ಟು. ಹೊಸಬರಿಗೆ ಅಲ್ಲೂ ಅತಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೇ. ಈ ಸೆಟ್‌ನ ಉಬ್ಬುಪಟ್ಟಿಯ ಗಾರ್ಡ್ ಮೇಲೆ ದಪ್ಪ ಕೈಗವಸು ಏರುವುದೇ ಇಲ್ಲ. ಗವಸಿನೊಳಗೆ ಕೂರುವ ತೆಳು ಗಾರ್ಡ್, ಇಲ್ಲವೇ ಗಾರ್ಡ್ ಸೇರಿಸಿಯೇ ಹೊಲಿದ ಗವಸು ಬೇಕು. ಹೆಲ್ಮೆಟ್ ಇಎನ್ 1077 ಗುರುತಿನದಾಗಿರಬೇಕು, ಹಿಮದ ಆಟಕ್ಕೆಂದೇ ಪರೀಕ್ಷೆಯಾದದ್ದು ಅದು. ಅಲ್ಲೇ ಬಾಡಿಗೆಗೆ ಪಡೆಯುವುದಾದರೆ ಒಳಪದರದಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ. ಶಿವಮೊಗ್ಗದಿಂದ ಒಯ್ಯಬಹುದಾದದ್ದು ಮೊಣಕಾಲಿನ ಪ್ಯಾಡ್ ಒಂದೇ, ಅದೂ ಪ್ಯಾಂಟಿನ ಒಳಗೆ.