ಒಣಗಿದ ಫಾಕ್ಸ್‌ಟೇಲ್ ಹುಲ್ಲು: ನಾಯಿ ಸಾಕಿದವರೇ, ಬೆರಳಸಂದಿ ನೋಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ನಾಯಿ ಸಾಕಿರುವ ಕನ್ನಡದವರು ಇದನ್ನು ದಯವಿಟ್ಟು ಪೂರ್ತಿ ಓದಿ. ಊರಿನಿಂದ ಬಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬೆಳಿಗ್ಗೆ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದರೆ ಅವರಿಗೂ ಓದಿ ಹೇಳಿ. ಒಂದೇ ಒಂದು ಒಣ ಹುಲ್ಲಿನ ಬೀಜದಿಂದ ನಮ್ಮ ಚಿನ್ನಿ ಪಟ್ಟ ಪಾಡು ಬೇರೆ ಯಾವ ನಾಯಿಗೂ ಬರುವುದು ಬೇಡ.

ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮಾರ್ಚ್‌ವರೆಗೂ ಗುಡ್ಡಗಳೆಲ್ಲ ಹಸಿರಾಗಿರುತ್ತವೆ, ಮೇ ಬರುವಷ್ಟರಲ್ಲಿ ಒಣಗಿ ಹಳದಿಯಾಗುತ್ತವೆ. ಮಿಷನ್ ಪೀಕ್, ಪ್ಲೆಸಂಟನ್ ರಿಡ್ಜ್ ಕಡೆ ಹೋದವರು ನೋಡಿಯೇ ಇರುತ್ತೀರಿ. ಆ ಒಣ ಹುಲ್ಲಿನಲ್ಲಿ ಬಹುಪಾಲು ಈ ನೆಲದ್ದೇ ಅಲ್ಲ. ಮೆಡಿಟರೇನಿಯನ್ ಸೀಮೆಯಿಂದ ದನ ಕುರಿ, ಮೇವಿನ ಜೊತೆ ಬಂದು ನೆಲೆನಿಂತದ್ದು. ಕಾಡು ಬಾರ್ಲಿ, ರಿಪ್‌ಗಟ್ ಬ್ರೋಮ್ ಎಲ್ಲವನ್ನೂ ಸೇರಿಸಿ ಜನ ಫಾಕ್ಸ್‌ಟೇಲ್ ಅಂತಲೇ ಕರೆಯುತ್ತಾರೆ. ಪುಟ್ಟ ತೆನೆ, ತೆನೆಯ ತುಂಬ ಉದ್ದುದ್ದ ಊಬು, ಅಂದರೆ ಕೂದಲಿನಂಥ ಗಡಸು ಎಳೆಗಳು. ಇದನ್ನು ನೋಡಲು ಗುಡ್ಡಕ್ಕೇ ಹೋಗಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ಬೇಲಿ ಬುಡ, ಫುಟ್‌ಪಾತಿನ ಅಂಚು, ಪಾರ್ಕಿಂಗ್ ಲಾಟಿನ ಮೂಲೆ, ಎಲ್ಲ ಕಡೆ ಇದೆ.

ಒಂದು ಒಣ ತೆನೆ ಕಿತ್ತು ಅದರಿಂದ ಒಂದು ಬೀಜ ಬಿಡಿಸಿ ನೋಡಿ. ಒಂದು ಕಡೆ ಸೂಜಿಯಂಥ ಮೊನೆ, ಇನ್ನೊಂದು ಕಡೆ ಊಬು. ಮೊನೆಯಿಂದ ಊಬಿನ ಕಡೆಗೆ ಬೆರಳಾಡಿಸಿದರೆ ನುಣುಪು. ಊಬಿನಿಂದ ಮೊನೆಯ ಕಡೆಗೆ ಆಡಿಸಿದರೆ ತರಿತರಿಯಾಗಿ ಕೈಗೆ ತಗಲುತ್ತದೆ. ಅದರ ಮೇಲೆ ಸಣ್ಣ ಸಣ್ಣ ಮುಳ್ಳುಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ ವಾಲಿಕೊಂಡಿವೆ. ಇದನ್ನೇ ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ಸ್ವಲ್ಪ ಓಡಾಡಿ. ಯಾರೂ ತಳ್ಳದಿದ್ದರೂ ಅದು ಜಾಗ ಬಿಟ್ಟು ಮುಂದೆ ಮುಂದೆ ಹೋಗಿರುತ್ತದೆ. ನಾಯಿಯ ಮೈಯಲ್ಲಿ ಆಗುವುದೂ ಇದೇ. ನಡೆದರೆ, ನೆಕ್ಕಿದರೆ, ಉಸಿರಾಡಿದರೆ ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಮೈಯೊಳಗೆ ಅದು ಕರಗುವುದೂ ಇಲ್ಲ. ಹೋದ ದಾರಿಯುದ್ದಕ್ಕೂ ಬ್ಯಾಕ್ಟೀರಿಯಾ ಬಿಟ್ಟು ಹೋಗುತ್ತದೆ.

ಚಿನ್ನಿ ಕಾಕರ್ ಸ್ಪ್ಯಾನಿಯಲ್. ಜೋತುಬಿದ್ದ ಕಿವಿ, ಬೆರಳಸಂದಿಯಲ್ಲೂ ಒತ್ತಾದ ಕೂದಲು. ಕಳೆದ ಜೂನ್‌ನಲ್ಲಿ ಅಲಮೇಡಾ ಕ್ರೀಕ್ ಟ್ರೇಲ್‌ನಲ್ಲಿ ಸುತ್ತಾಡಿ ಬಂದ ಸಂಜೆ ಮುಂಗಾಲು ನೆಕ್ಕಲು ಶುರು ಮಾಡಿದಳು. ಮೊದಲು ಗಮನಿಸಿದ್ದು ಹಿರಿಯೂರಿನಿಂದ ಬಂದಿದ್ದ ನಮ್ಮತ್ತೆ. "ಏನೋ ಚುಚ್ಚಿದೆ ಕಣೇ ಇದಕ್ಕೆ, ಬಿಡದೇ ನೆಕ್ಕಿಕೊಳ್ತಾ ಇದೆ ನೋಡು" ಅಂದರು. ಟಾರ್ಚ್ ಹಿಡಿದು ಕೂದಲು ಸರಿಸಿ ನೋಡಿದೆವು. ಮುಳ್ಳು ಇಲ್ಲ, ಗಾಯವೂ ಇಲ್ಲ. ಎರಡು ಬೆರಳಿನ ನಡುವೆ ಸ್ವಲ್ಪ ಕೆಂಪಗಿತ್ತು, ಅಷ್ಟೇ. ಬೆಳಿಗ್ಗೆ ನೋಡಿದರೆ ಅಲ್ಲೇ ಕಡಲೆಕಾಳಿನಷ್ಟು ಬಾವು.

ಅವತ್ತೇ ಹತ್ತಿರದ ಕ್ಲಿನಿಕ್‌ಗೆ ಹೋದೆವು. ಡಾಕ್ಟರು ಮೇಲ್ಮೇಲೆ ನೋಡಿ, ಅಲರ್ಜಿ ಇರಬೇಕು, ನೆಕ್ಕಿ ನೆಕ್ಕಿ ಸೋಂಕಾಗಿದೆ ಅಂದರು. "ಫಾಕ್ಸ್‌ಟೇಲ್ ಏನಾದರೂ ಹೋಗಿರಬಹುದಾ?" ಅಂತ ನಮ್ಮ ಮನೆಯವರು ಕೇಳಿದರು. ಚುಚ್ಚಿದ ತೂತು ಕಾಣುತ್ತಿಲ್ಲವಲ್ಲ, ಇರಲಿಕ್ಕಿಲ್ಲ ಅನ್ನುವ ಉತ್ತರ ಬಂತು. ಆಂಟಿಬಯೋಟಿಕ್ ಕೊಟ್ಟರು, ಕಾಲು ನೆಕ್ಕದಂತೆ ಕುತ್ತಿಗೆಗೆ ಕೋನ್ ಹಾಕಿ ಕಳಿಸಿದರು.

ನಾನು ಇದನ್ನು ಬರೆಯುತ್ತಿರುವುದೇ ಮುಂದೆ ಆದದ್ದಕ್ಕಾಗಿ. ಬಾವು ಇಳಿಯಿತು. ಚಿನ್ನಿ ಮೊದಲಿನ ಹಾಗೆ ಓಡಾಡಿದಳು, ಊಟ ಸರಿಯಾಗಿ ಮಾಡಿದಳು. ವಾಸಿಯಾಯಿತು ಅಂತ ಎಲ್ಲರಿಗೂ ಅನ್ನಿಸಿತು, ಅನ್ನಿಸದೇ ಇರಲು ಕಾರಣವೇ ಇರಲಿಲ್ಲ. ಆದರೆ ಔಷಧಿ ಅಡಗಿಸಿದ್ದು ಸೋಂಕನ್ನು ಮಾತ್ರ. ಬೀಜ ಒಳಗೇ ಇತ್ತು. ಮಾತ್ರೆ ನಿಲ್ಲಿಸಿದ ಸ್ವಲ್ಪ ದಿನಕ್ಕೆ ಮತ್ತೆ ಬಾವು ಬಂತು. ಈ ಸಲ ಬೆರಳಸಂದಿಯಲ್ಲಲ್ಲ, ಪಾದದ ಮೇಲ್ಭಾಗದಲ್ಲಿ. ಸಣ್ಣ ತೂತಾಗಿ ನಸುಗೆಂಪು ನೀರು ಒಸರುತ್ತಿತ್ತು. ಮುಟ್ಟಲು ಹೋದರೆ ಕುಂಯ್ ಅಂತ ಕಾಲು ಎಳೆದುಕೊಳ್ಳುತ್ತಿದ್ದಳು. ಯಾವತ್ತೂ ಹಲ್ಲು ತೋರಿಸದವಳು ನಮ್ಮತ್ತೆಯ ಕೈಗೆ ಗುರ್ ಅಂದಳು. ಅಷ್ಟು ನೋವಿತ್ತು ಅದಕ್ಕೆ.

ಎರಡನೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಏನೂ ಕಾಣಲಿಲ್ಲ. ಹುಲ್ಲಿನ ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಅಂತ ಅವರೇ ಹೇಳಿ ಅಲ್ಟ್ರಾಸೌಂಡ್ ಮಾಡಿಸಿದರು. ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಗೆರೆ, ಸುತ್ತ ಕೀವು. ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿ ತೆಗೆದರು. ಆಮೇಲೆ ಚಿಕ್ಕ ಬಟ್ಟಲಿನಲ್ಲಿ ಅದನ್ನು ತಂದು ತೋರಿಸಿದರು. ಕಂದುಬಣ್ಣಕ್ಕೆ ತಿರುಗಿತ್ತು. ಊಬಿನ ತುದಿಯೊಂದು ಮುರಿದಿತ್ತು. ಮಿಕ್ಕಿದ್ದೆಲ್ಲ ಹಾಗೇ ಇತ್ತು. ಅಷ್ಟು ದಿನ ಮೈಯೊಳಗಿದ್ದರೂ ಮೊನೆ ಮೊಂಡಾಗಿರಲಿಲ್ಲ. ಸಾವಿರಾರು ಡಾಲರ್ ಖರ್ಚಾಯಿತು, ಅದು ಹೋಗಲಿ. ಆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಅವಳು ಕುಂಟುವುದನ್ನು ನೋಡಲು ಆಗುತ್ತಿರಲಿಲ್ಲ.

ಕಾಲಿಗೆ ಹೊಕ್ಕರೆ ಹೀಗೆ ಕೈಗೆ ಸಿಗುವ ಅವಕಾಶವಾದರೂ ಇದೆ. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಎದೆಯಲ್ಲಿ ಕೀವು ತುಂಬುತ್ತದೆ, ಜೀವಕ್ಕೇ ಅಪಾಯ. ಅದಕ್ಕೇ ಮೂಗಿನ ವಿಷಯದಲ್ಲಿ ತಡಮಾಡಬೇಡಿ. ವಾಕಿಂಗ್‌ನಲ್ಲಿ ಹುಲ್ಲು ಮೂಸಿದ ಕೂಡಲೇ ನಾಯಿ ಒಂದೇ ಸಮನೆ ಸೀನಿದರೆ, ತಲೆ ನೆಲಕ್ಕೆ ಬಡಿಯುವಷ್ಟು ಜೋರಾಗಿ ಸೀನಿದರೆ, ಒಂದೇ ಹೊಳ್ಳೆಯಿಂದ ರಕ್ತ ಬಂದರೆ, ನೇರ ವೆಟ್ (ಪಶುವೈದ್ಯರ) ಹತ್ತಿರ ಹೋಗಿ. ಸ್ವಲ್ಪ ಹೊತ್ತಿಗೆ ಸೀನು ಕಡಿಮೆಯಾಗಬಹುದು. ಬೀಜ ಹೊರಗೆ ಬಂತು ಅಂತ ಅದರ ಅರ್ಥ ಅಲ್ಲ, ಇನ್ನೂ ಒಳಗೆ ಹೋಗಿರಬಹುದು. ಚಿನ್ನಿಯ ಕಾಲಿನ ಬಾವು ಇಳಿದಂತೆಯೇ ಅದು.

ಕಿವಿಗೆ ಹೋದರೆ ತಲೆ ಒಂದು ಕಡೆ ವಾಲಿಸಿ ಕೊಡವುತ್ತಲೇ ಇರುತ್ತದೆ. ಕಿವಿನೋವು ಅಂದರೆ ಬೆಚ್ಚಗಿನ ಎಣ್ಣೆ ಬಿಡುವುದು ನಮ್ಮ ಮನೆಗಳ ಅಭ್ಯಾಸ ಅಲ್ವಾ, ಇಲ್ಲಿ ಅದು ಬೇಡವೇ ಬೇಡ. ಬಡ್ಸ್ ಹಾಕಿದರೆ ಬೀಜವನ್ನು ಕಿವಿತಮಟೆಯ ಕಡೆಗೆ ನೀವೇ ನೂಕಿದಂತೆ. ಕಣ್ಣಿಗೆ ಬಿದ್ದರೆ ಒಂದು ಕಣ್ಣು ಮುಚ್ಚಿಯೇ ಇರುತ್ತದೆ, ನೀರು ಸುರಿಯುತ್ತದೆ. ಒಳರೆಪ್ಪೆಯ ಹಿಂದೆ ಸೇರಿಕೊಂಡು ಕಣ್ಣುಗುಡ್ಡೆ ಗೀರುತ್ತದೆ. ಅದಕ್ಕೂ ಅವತ್ತೇ ಹೋಗಬೇಕು.

ಈಗ ನಮ್ಮನೆಯಲ್ಲಿ ಮೇ ತಿಂಗಳಿಂದ ಮೊದಲ ಮಳೆಯವರೆಗೆ ಬಾಗಿಲ ಹತ್ತಿರ ಒಂದು ಬಾಚಣಿಗೆ, ಚಿಮಟ, ಟಾರ್ಚ್ ಇರುತ್ತವೆ. ಹೊರಗಿನಿಂದ ಬಂದ ಕೂಡಲೇ ನಾಲ್ಕೂ ಪಾದದ ಬೆರಳು ಬಿಡಿಸಿ ನೋಡುತ್ತೇವೆ, ಮೇಲಿನಿಂದಲೂ ಅಂಗಾಲಿನ ಕಡೆಯಿಂದಲೂ. ಆಮೇಲೆ ಕಿವಿಯ ಒಳಮಡಿಕೆ, ಕಂಕುಳು, ಹೊಟ್ಟೆಯ ಕೆಳಗೆ, ಬಾಲದ ಬುಡ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ, ಆದ್ದರಿಂದ ಸವರಿ ನೋಡಿ. ಕೂದಲಿಗೆ ಸಿಕ್ಕಿದ್ದರೆ ತೆಗೆಯಿರಿ. ಚರ್ಮಕ್ಕೆ ಹೊಕ್ಕು ತುದಿ ಮಾತ್ರ ಕಾಣುತ್ತಿದ್ದರೆ ಚಿಮಟದಿಂದ ನಿಧಾನವಾಗಿ ನೇರಕ್ಕೆ ಎಳೆಯಿರಿ. ಪೂರ್ತಿ ಒಳಗೆ ಹೋಗಿದ್ದರೆ ಮಾತ್ರ ಕೆದಕಲು ಹೋಗಬೇಡಿ. ಗ್ರೂಮರ್ ಹತ್ತಿರ ಬೆರಳಸಂದಿಯ ಕೂದಲನ್ನು ಬೇಸಿಗೆಪೂರ್ತಿ ಗಿಡ್ಡ ಮಾಡಿಸಿ. ಗುಡ್ಡಕ್ಕೆ ಕರೆದುಕೊಂಡು ಹೋಗಲೇಬೇಕು ಅನ್ನುವವರಿಗೆ ಇಡೀ ತಲೆ ಮುಚ್ಚುವ ಬಲೆಯ ಮುಸುಕು ಸಿಗುತ್ತದೆ. ಮೂಗು, ಕಣ್ಣು, ಕಿವಿ ಮೂರೂ ಉಳಿಯುತ್ತವೆ. ನಾವಂತೂ ಬೇಸಿಗೆಯಲ್ಲಿ ಗುಡ್ಡ ಬಿಟ್ಟೇಬಿಟ್ಟೆವು, ಡಾಂಬರು ದಾರಿಯಲ್ಲಿ ಬಿಸಿಲೇರುವ ಮುಂಚೆ ಹೋಗಿ ಬರುತ್ತೇವೆ.

ವೆಟ್ ಹತ್ತಿರ ಹೋದಾಗ ಒಣ ಹುಲ್ಲಿನಲ್ಲಿ ಓಡಾಡಿದ್ದನ್ನು ಮೊದಲೇ ಹೇಳಿ. ಬಾವು ಇಳಿದು ಮತ್ತೆ ಬಂದರೆ ಎರಡನೇ ಸಲವೂ ಬರೀ ಆಂಟಿಬಯೋಟಿಕ್ ತೆಗೆದುಕೊಂಡು ಬರಬೇಡಿ. ಅಲ್ಟ್ರಾಸೌಂಡ್ ಮಾಡುತ್ತೀರಾ, ಕೊಯ್ದು ಒಳಗೆ ನೋಡುತ್ತೀರಾ ಅಂತ ಕೇಳಿ. ಸಂಕೋಚ ಬೇಡ.

ಊರಿನಲ್ಲಿರುವವರೂ ಇದು ಅಮೆರಿಕದ ಮಾತು ಅಂತ ಬಿಡಬೇಡಿ. ಚಿನ್ನಿಯ ಬೀಜ ನೋಡಿ ನಮ್ಮತ್ತೆ, "ನಮ್ಮ ಗುಡ್ಡದ ಹುಲ್ಲೂ ಹಿಂಗೇ ಸೀರೆ ಅಂಚಿಗೆ ಚುಚ್ಕೊಂಡು ಬರುತ್ತಲ್ಲೇ" ಅಂದರು. ಹೌದು, ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಊಬು ಒಂದಕ್ಕೊಂದು ಹೆಣೆದುಕೊಂಡು ನಿಲ್ಲುವ ಹುಲ್ಲಿದೆ. ಬಲಿತ ಮೇಲೆ ಅದು ಕುರಿಯ ಚರ್ಮಕ್ಕೂ ಹೊಗುತ್ತದೆ. ತೇವ ತಾಗಿದರೆ, ಒಣಗಿದರೆ ಆ ಊಬು ತಿರುಚಿಕೊಂಡು ಮೊನೆಯನ್ನು ಒಳಗೆ ಕೊರೆಯುತ್ತದೆ. ಬೆಂಗಳೂರಿನ ಖಾಲಿ ಸೈಟು, ಕೆರೆ ಏರಿಗಳಲ್ಲಿ ನಾಯಿ ಬಿಡುವವರೂ ಬೆರಳಸಂದಿ ನೋಡುವ ರೂಢಿ ಇಟ್ಟುಕೊಳ್ಳಿ.

ಇನ್ನು ಮನೆ ಹಿತ್ತಲಲ್ಲಿ ಈ ಹುಲ್ಲಿದ್ದರೆ ಹಸಿರಿರುವಾಗಲೇ, ಅಂದರೆ ಮಾರ್ಚ್, ಏಪ್ರಿಲ್‌ನಲ್ಲೇ ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿ. ಒಣಗಿದ ಮೇಲೆ ಮೆಷಿನ್ ಹಾಕಿ ಕತ್ತರಿಸಿದರೆ ಬೀಜ ಅಂಗಳವೆಲ್ಲ ಚೆಲ್ಲುತ್ತದೆ. ನಮ್ಮ ಕಾಂಪ್ಲೆಕ್ಸಿನಲ್ಲಿ ಪ್ರತಿ ವರ್ಷ ಜೂನ್‌ನಲ್ಲಿ ಕತ್ತರಿಸುತ್ತಿದ್ದರು. ನಾಯಿ ಇರುವ ನಾವು ಕೆಲವು ಮನೆಯವರು ಸೇರಿ ಮ್ಯಾನೇಜರ್‌ಗೆ ಪತ್ರ ಬರೆದ ಮೇಲೆ ಈ ವರ್ಷ ತೆನೆ ಬಲಿಯುವ ಮುಂಚೆಯೇ ಕತ್ತರಿಸಿದ್ದಾರೆ. ನೀವೂ ಬರೆಯಿರಿ. ಪತ್ರದ ಒಕ್ಕಣೆ ಬೇಕಾದವರು ಕೇಳಿ, ಕಳಿಸುತ್ತೇನೆ.