ಹುರುಳಿ ಕಟ್ಟೋ, ಗುಗ್ಗರಿಯೋ? ಸ್ಲೀವ್ ಆಪರೇಷನ್ ನಂತರದ ಹಸಿವಿಗೆ ನಾನು ಮಾಡಿ ನೋಡಿದ್ದು

ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡಿದ್ದೆ. ಅದಾಗಿ ಎಂಟು ತಿಂಗಳಿಗೆ ನನಗೆ ಹಸಿವು ವಾಪಸ್ ಬಂತು. ತೀರ್ಥಹಳ್ಳಿ ಹತ್ತಿರದ ತವರಿನಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ಅಂಗಳದ ತುಂಬ ಚೊಗರಿನ ವಾಸನೆ. ಸುಲಿಯುವವರಿಗೆ ಅಂತ ಅಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಸಂಜೆ ನಾಲ್ಕೂವರೆ ಹೊತ್ತಿಗೆ ಹೊಟ್ಟೆ ಒಳಗೆ ಹಿಂಡಿದ ಹಾಗಾಯಿತು. ಅಷ್ಟು ತಿಂಗಳು ಆ ಸಂಕಟವನ್ನೇ ಮರೆತಿದ್ದೆ. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆಪರೇಷನ್ ಕೆಟ್ಟುಹೋಯಿತು, ಹೊಟ್ಟೆ ಮತ್ತೆ ಹಿಗ್ಗಿತು ಅಂತಲೇ ಅಂದುಕೊಂಡೆ.

ಕೆಟ್ಟಿರಲಿಲ್ಲ. ಸ್ಲೀವ್‌ನಲ್ಲಿ ಹೊಟ್ಟೆಯ ಶೇಕಡಾ 75ರಿಂದ 80ರಷ್ಟು ಭಾಗ ತೆಗೆಯುತ್ತಾರೆ. ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಕೊಳವೆ ಉಳಿಯುತ್ತದೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲಿನ ಭಾಗವೂ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗದಿರುವುದು ಅದಕ್ಕೇ. ಆದರೆ ಗ್ರೆಲಿನ್ ಪೂರ್ತಿ ನಿಲ್ಲುವುದಿಲ್ಲ, ಕರುಳಿನಲ್ಲೂ ಸ್ವಲ್ಪ ಆಗುತ್ತದೆ. ಆರು ತಿಂಗಳು, ವರ್ಷದೊಳಗೆ ತುಂಬಾ ಜನರಿಗೆ ಹಸಿವು ಮರಳುತ್ತದೆ. ನನಗೆ ಇದನ್ನು ಡಿಸ್ಚಾರ್ಜ್ ದಿನ ಯಾರೂ ಹೇಳಲಿಲ್ಲ. ಕೊಟ್ಟ ಚಾರ್ಟಿನಲ್ಲಿ ಎಷ್ಟು ಮಿಲಿ, ಎಷ್ಟು ಗ್ರಾಂ ಎಲ್ಲ ಇತ್ತು. ಹಸಿವಾದರೆ ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಆ ಸಾಲಿಗಾಗಿ ನನಗೆ ಇವತ್ತಿಗೂ ಬೇಸರವಿದೆ.

ಆಮೇಲೆ ಶಿವಮೊಗ್ಗಕ್ಕೆ ಬಂದು ಒಂದು ಹಳೇ ನೋಟ್‌ಬುಕ್ ಹಿಡಿದೆ. ಏನು ತಿಂದೆ, ಮತ್ತೆ ಹಸಿವಾಗಿದ್ದು ಎಷ್ಟು ಹೊತ್ತಿಗೆ, ಎರಡೇ ಕಾಲಂ. ನಾಲ್ಕು ತಿಂಗಳು ಬರೆದೆ.

ಮೊದಲು ಹುರುಳಿ ಕಟ್ಟು. ನಮ್ಮ ಕಡೆ ಇದು ಬರೀ ಅಡುಗೆ ಅಲ್ಲ, ಮನೆಮದ್ದು. ಆಪರೇಷನ್ ಆದವಳಿಗೆ ಶಕ್ತಿ ಬರಲಿ ಅಂತ ಅತ್ತೆ ದಿನಾ ಮಾಡಿಕೊಡುತ್ತಿದ್ದರು. ರಾತ್ರಿ ನೆನೆಸಿದ ಹುರುಳಿಯನ್ನು ಚೆನ್ನಾಗಿ ಬೇಯಿಸಿ, ನೀರು ಬಸಿದು, ಆ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಣ್ಣ ಸ್ಟೀಲ್ ಲೋಟದಲ್ಲಿ ಕೊಡುವುದು. ಬಿಸಿ ಬಿಸಿ ಕುಡಿದಾಗ ಎದೆಯಿಂದ ಹೊಟ್ಟೆವರೆಗೂ ಹಿತ. ಆದರೆ ನೋಟ್‌ಬುಕ್ ಬೇರೆಯೇ ಹೇಳಿತು. ಐವತ್ತು ನಿಮಿಷ, ಒಂದು ಗಂಟೆ. ಒಂದು ದಿನವೂ ಒಂದೂವರೆ ಗಂಟೆ ದಾಟಲಿಲ್ಲ.

ಒಂದು ಭಾನುವಾರ ಕಟ್ಟು ಬಸಿದ ಮೇಲೆ ಉಳಿದ ಕಾಳು ಪಾತ್ರೆಯಲ್ಲಿತ್ತು. ಅದಕ್ಕೆ ಉಪ್ಪು, ಕಾಯಿತುರಿ, ಸಾಸಿವೆ ಒಗ್ಗರಣೆ ಹಾಕಿ ಗುಗ್ಗರಿ ಮಾಡಿದೆ. ಚಮಚದಲ್ಲಿ ಅಳೆದು ಆರು ಚಮಚ. ಒಂದೊಂದು ಚಮಚವನ್ನೂ ಬಾಯಲ್ಲಿ ಪೇಸ್ಟ್ ಆಗುವವರೆಗೆ ಅಗಿದೆ. ಇಪ್ಪತ್ತೈದು ನಿಮಿಷ ಹಿಡಿಯಿತು. ಅವತ್ತು ಮುಂದಿನ ಹಸಿವು ಬಂದಿದ್ದು ಮೂರು ಗಂಟೆ ಹತ್ತು ನಿಮಿಷಕ್ಕೆ. ಅದೇ ಹುರುಳಿ, ಅದೇ ಪಾತ್ರೆ! ನಂಬಿಕೆ ಬರದೆ ಆ ವಾರ ಇನ್ನೂ ನಾಲ್ಕು ಸಲ ಮಾಡಿ ನೋಡಿದೆ. ಎರಡೂಮುಕ್ಕಾಲು ಗಂಟೆಗಿಂತ ಕಡಿಮೆ ಆಗಲೇ ಇಲ್ಲ.

ಕಾರಣ ಸರಳ. ನೀರಾಗಿರುವುದು ಸ್ಲೀವ್ ಕೊಳವೆಯಲ್ಲಿ ನಿಲ್ಲುವುದಿಲ್ಲ, ಸರ್ರನೆ ಕರುಳಿಗೆ ಇಳಿಯುತ್ತದೆ. ಗಟ್ಟಿ ಆಹಾರ ನಿಧಾನ. ಜೊತೆಗೆ ಕಟ್ಟಿಗೆ ಬರುವುದು ರುಚಿ, ಉಪ್ಪು, ಸ್ವಲ್ಪ ಸತ್ವ. ಪ್ರೋಟೀನ್‌ನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ. ಒಣ ಹುರುಳಿ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ನಾನು ಎಂಟು ತಿಂಗಳು ನೀರು ಕುಡಿದು ಕಾಳನ್ನು ದನಕ್ಕೆ ಹಾಕಿಸಿದ್ದೆ. ಒಂದು ಮಾತು ಮರೆಯಬೇಡಿ: ಆಪರೇಷನ್ ಆದ ಮೊದಲ ವಾರಗಳಲ್ಲಿ ಗುಗ್ಗರಿ ಮುಟ್ಟಲೇಬಾರದು. ಆಗ ದ್ರವ, ಆಮೇಲೆ ನುಣ್ಣಗೆ ಅರೆದಿದ್ದು, ಆಮೇಲೆ ಮೆತ್ತಗಿನದು, ಅದೇ ಕ್ರಮ. ಆ ಹೊತ್ತಿಗೆ ಕಟ್ಟೇ ಸರಿ. ಗಟ್ಟಿ ಊಟಕ್ಕೆ ಡಾಕ್ಟರ್ ಒಪ್ಪಿದ ಮೇಲಿನ ಮಾತು ಇದು.

ಪ್ರೋಟೀನ್ ಪುಡಿ ಮತ್ತು ಮೊಟ್ಟೆಯ ನಡುವೆಯೂ ಇದೇ ಕಥೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಲೇಬೇಕು ಅಂತ ಡಯಟಿಷಿಯನ್ ಹೇಳಿದ್ದರು. ಒಂದು ಸ್ಕೂಪ್ ಪುಡಿಯಲ್ಲಿ 24 ಗ್ರಾಂ, ಒಂದು ಮೊಟ್ಟೆಯಲ್ಲಿ ಆರು. ಲೆಕ್ಕ ತುಂಬಿಸಲು ಪುಡಿಯನ್ನು ಮೀರಿಸುವುದು ಯಾವುದೂ ಇಲ್ಲ. ಹಸಿವು ತಡೆಯಲು ಮಾತ್ರ ಎರಡು ಬೇಯಿಸಿದ ಮೊಟ್ಟೆಯೇ ಮೇಲು. ಈಗ ಬೆಳಗ್ಗೆ ಮೊಟ್ಟೆ. ಲೆಕ್ಕ ಕಡಿಮೆ ಬಿದ್ದ ದಿನ ಮಾತ್ರ ಪುಡಿ.

ಕಷಾಯದ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಮಲೆನಾಡಿನವರ ಕೈಗೆ ಮೊದಲು ಸಿಗುವುದು ಅದೇ. ಮಳೆಗಾಲದ ಸಂಜೆ, ಹೆಂಚಿನ ಮೇಲೆ ಜಿಟಿಜಿಟಿ ಸದ್ದು, ಪಕ್ಕದ ಮನೆಯಲ್ಲಿ ಬೋಂಡ ಕರಿಯುವ ವಾಸನೆ. ಆಗ ಏಳುವುದು ಹೊಟ್ಟೆಯ ಹಸಿವಲ್ಲ. ಅದಕ್ಕೆ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಈಗ ಒಂದು ಬಟ್ಟಲು ಗುಗ್ಗರಿ ಕೊಟ್ಟರೆ ತಿನ್ನುತ್ತೀನಾ? ಹೌದು ಅಂದರೆ ನಿಜವಾದ ಹಸಿವು. ಇಲ್ಲ, ಬೋಂಡವೇ ಬೇಕು ಅಂದರೆ ಮನಸ್ಸಿನದು. ಮನಸ್ಸಿನ ಹಸಿವಿಗೆ ಕಷಾಯದಂಥ ಮದ್ದು ಇನ್ನೊಂದಿಲ್ಲ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಹಾಲು ಹಾಕಿ ಕುದಿಸಿದ್ದನ್ನು ಗುಟುಕು ಗುಟುಕಾಗಿ ಕುಡಿದರೆ ಇಪ್ಪತ್ತು ನಿಮಿಷದಲ್ಲಿ ಆಸೆ ತಣ್ಣಗಾಗುತ್ತದೆ. ಬೆಲ್ಲ ಹಾಕುವುದಿಲ್ಲ. ಸಂಜೆ ಫ್ರೀಡಂ ಪಾರ್ಕ್‌ನಲ್ಲಿ ಎರಡು ಸುತ್ತು ಹಾಕಿದರೂ ಅಷ್ಟೇ ಕೆಲಸ ಆಗುತ್ತದೆ, ಮಳೆ ಬಿಡಬೇಕಷ್ಟೆ. ನಿಜವಾದ ಹಸಿವಿಗೆ ಮಾತ್ರ ಕಷಾಯ ಕುಡಿದು ಸುಮ್ನೆ ಕೂತರೆ ಮೋಸ. ಒಂದು ಗಂಟೆ ಬಿಟ್ಟು ಕೈ ನಡುಗುವಷ್ಟು ಹಸಿವಾಗಿ, ಕಂಡಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡಿದ್ದೇನೆ.

ಬೆಳಗಿನ ಜಾವ ಬರುತ್ತಿದ್ದ ಹಸಿವು ಈ ಎರಡೂ ಅಲ್ಲ. ಕರಿಮೆಣಸು, ಶುಂಠಿ ಹಾಕಿದ ಕಷಾಯ ಕುಡಿದರೆ ಅದು ಇನ್ನೂ ಜೋರಾಗುತ್ತಿತ್ತು. ಡಾಕ್ಟರಿಗೆ ತೋರಿಸಿದಾಗ ಅದು ಹಸಿವಲ್ಲ, ಆಸಿಡ್ ಅಂದರು. ಸ್ಲೀವ್ ಆದವರಲ್ಲಿ ಇದು ಸಾಮಾನ್ಯವಂತೆ. ನಿಲ್ಲಿಸಿದ್ದ ಆಸಿಡ್ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಹತ್ತು ದಿನದಲ್ಲಿ ಆ 'ಹಸಿವು' ಹೋಯಿತು. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದ ಕಾಫಿಯನ್ನೂ ತಿಂಡಿ ಆಗಿ ಅರ್ಧ ಗಂಟೆಯ ನಂತರಕ್ಕೆ ತಳ್ಳಿದೆ.

ಬಿಡಲು ಅತಿ ಕಷ್ಟವಾಗಿದ್ದು ಊಟದ ಕೊನೆಯ ಮಜ್ಜಿಗೆ. ಮಜ್ಜಿಗೆ ಅನ್ನ ಉಣ್ಣದೆ ಎಲೆಯಿಂದ ಎದ್ದವಳಲ್ಲ ನಾನು. ಆದರೆ ಊಟದ ಜೊತೆ, ಊಟ ಆಗಿ ಅರ್ಧ ಗಂಟೆ ಏನೂ ಕುಡಿಯಬಾರದು ಅನ್ನುವ ನಿಯಮದ ಬೆಲೆ ಗೊತ್ತಾಗಿದ್ದು ಇಲ್ಲೇ. ಮಜ್ಜಿಗೆ ಅನ್ನದ ದಿನ ಒಂದೂವರೆ ಗಂಟೆಗೆ ಹಸಿವು. ಬಟ್ಟೆಯಲ್ಲಿ ಕಟ್ಟಿಟ್ಟು ನೀರು ಇಳಿಸಿದ ಗಟ್ಟಿ ಮೊಸರಿನ ದಿನ ಎರಡೂವರೆ. ಒಂದೆಲಗದ ತಂಬುಳಿಯನ್ನೂ ಈಗ ಆ ಗಟ್ಟಿ ಮೊಸರಿನಲ್ಲೇ ಕಲಸಿ ಚಮಚದಲ್ಲಿ ತಿನ್ನುತ್ತೇನೆ. ಅಮ್ಮನಿಗೆ ಅದು ತಂಬುಳಿ ಅನ್ನಿಸುವುದಿಲ್ಲ. ನನಗೆ ಒಗ್ಗಿದೆ.

ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪವೋ, ಹೊತ್ತು ಹೊತ್ತಿಗೆ ನಾಲ್ಕು ಸಲವೋ? ಎರಡನ್ನೂ ಒಂದೊಂದು ತಿಂಗಳು ಮಾಡಿದೆ. ಆರು ಸಲದ ತಿಂಗಳಲ್ಲಿ ದಿನವಿಡೀ ತಲೆಯಲ್ಲಿ ತಿಂಡಿಯದೇ ಯೋಚನೆ. ಅಡುಗೆಮನೆಗೆ ಹೋದಾಗೆಲ್ಲ ಹಲಸಿನ ಚಿಪ್ಸ್ ಡಬ್ಬಿಗೆ ಕೈ. ಚಿಪ್ಸ್, ಮಂಡಕ್ಕಿ, ಕೋಡುಬಳೆ ಬಾಯಲ್ಲೇ ಕರಗಿ ಜಾರುತ್ತವೆ, ಎಷ್ಟು ತಿಂದರೂ ಹೊಟ್ಟೆ 'ಸಾಕು' ಅನ್ನುವುದಿಲ್ಲ. ಆ ತಿಂಗಳು ಒಂದೂವರೆ ಕೆಜಿ ಏರಿದೆ. ಎಂಟು, ಒಂದು, ನಾಲ್ಕೂವರೆ, ಎಂಟು, ಈ ನಾಲ್ಕು ಹೊತ್ತು ಹಿಡಿದ ಮೇಲೆ ಹಸಿವು ಕೂಡ ಆ ಹೊತ್ತಿಗೇ ಬರಲು ಕಲಿಯಿತು. ಕೆಲವರಿಗೆ ಒಂದು ಸಲಕ್ಕೆ ತೀರಾ ಕಡಿಮೆ ಸೇರುತ್ತದೆ, ಅವರಿಗೆ ಆರು ಸಲವೇ ಬೇಕಾಗಬಹುದು. ತೂಕ ಇಳಿಸುವ ಇನ್ನೊಂದು ಆಪರೇಷನ್, ಗ್ಯಾಸ್ಟ್ರಿಕ್ ಬೈಪಾಸ್, ಆದವರ ಲೆಕ್ಕವೂ ಬೇರೆ. ಅವರಲ್ಲಿ ಅನೇಕರಿಗೆ ಸಿಹಿ ತಿಂದರೆ ಬೆವರು, ತಲೆಸುತ್ತು, ಭೇದಿ ಆಗುತ್ತದೆ. ಅಂಥವರು ನನ್ನ ನೋಟ್‌ಬುಕ್ ನಂಬದೆ ತಮ್ಮ ಡಾಕ್ಟರನ್ನೇ ಕೇಳಬೇಕು.

ಹೋದ ತಿಂಗಳು ತವರಿಗೆ ಹೋಗಿದ್ದೆ. ನಾಟಿ ಕೋಳಿ ಸಾರು, ಕಡುಬು. ಮೊದಲೆಲ್ಲ ಎಂಟು ಕಡುಬು ಮುರಿದು ಸಾರಲ್ಲಿ ಮುಳುಗಿಸಿ ಉಣ್ಣುತ್ತಿದ್ದವಳು. ಈ ಸಲ ಅಮ್ಮ ಹೇಳದೆಯೇ ನನ್ನ ತಟ್ಟೆಗೆ ಮೊದಲು ಎರಡು ತುಂಡು ಕೋಳಿ ಹಾಕಿದಳು, ಸಾರು ಸೋಸಿ. ಅದನ್ನು ಅಗಿದು ಮುಗಿಸುವವರೆಗೂ ಕಡುಬಿನ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ. ಆಮೇಲೆ ಅರ್ಧ ಕಡುಬು ಮುರಿದು ಇಟ್ಟಳು. ಅಷ್ಟೇ ಸೇರಿತು. ಮಧ್ಯಾಹ್ನ ಒಂದಕ್ಕೆ ಉಂಡಿದ್ದು, ನಾಲ್ಕೂವರೆವರೆಗೂ ಹಸಿವಾಗಲಿಲ್ಲ.