ಮುಂಬೈ ಪ್ಯಾಕೇಜು ಕೊಳ್ಳುವ ಮುನ್ನ ಟಿಕೆಟ್ಟಿನಲ್ಲಿರುವ ಮೊಬೈಲ್ ಸಂಖ್ಯೆ ಯಾರದೆಂದು ನೋಡಿಕೊಳ್ಳಿ

ಕಳೆದ ಡಿಸೆಂಬರಿನಲ್ಲಿ ನಾನು, ನನ್ನ ಮನೆಯವರು ಮತ್ತು ಕಾಲೇಜು ಓದುವ ಮಗಳು ಮೂವರೂ ಎರಡು ರಾತ್ರಿಗಳ ಮಟ್ಟಿಗೆ ಮುಂಬೈಗೆ ಹೋಗಿ ನಾಟಕ ನೋಡಿಕೊಂಡು ಬರುವುದೆಂದು ನಿಶ್ಚಯಿಸಿದೆವು. ಗುಬ್ಬಿ ಕಂಪನಿಯ ನಾಟಕಗಳ ಕಥೆಯನ್ನು ಅಜ್ಜನ ಬಾಯಲ್ಲಿ ಕೇಳುತ್ತ ತುಮಕೂರಿನಲ್ಲಿ ಬೆಳೆದ ನನಗೆ, ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಒಮ್ಮೆಯಾದರೂ ಕೂರಬೇಕೆಂಬ ಆಸೆ ಬಹಳ ಕಾಲದಿಂದ ಇತ್ತು. ವಿಮಾನ, ಹೋಟೆಲು, ನಾಟಕದ ಟಿಕೆಟ್ಟು ಎಲ್ಲವನ್ನೂ ಒಟ್ಟಿಗೆ ಮಾಡಿಕೊಡುತ್ತೇನೆಂದು ನಮ್ಮ ಊರಿನ ಒಬ್ಬ ಟ್ರಾವೆಲ್ ಏಜೆಂಟರು ಹೇಳಿದರು. ಪರಿಚಯದವರ ಮೂಲಕ ಬಂದವರಾದ್ದರಿಂದ ಹೆಚ್ಚು ಕೇಳದೆ 64,000 ರೂಪಾಯಿಯನ್ನು ಒಂದೇ ಕಂತಿನಲ್ಲಿ ಕೊಟ್ಟುಬಿಟ್ಟೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪ್ರಕರಣ ಇನ್ನೂ ನಡೆಯುತ್ತಿದೆ.

ವಿಮಾನ ಬೆಳಿಗ್ಗೆ 6.40ಕ್ಕೆ ಎಂದು ಟಿಕೆಟ್ಟಿನಲ್ಲಿತ್ತು. ರಾತ್ರಿ ಎರಡು ಗಂಟೆಗೆ ಬಾಡಿಗೆ ಕಾರಿನಲ್ಲಿ ಹೊರಟು, ದಾಬಸ್‌ಪೇಟೆಯ ಬಳಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ಹಾದು ದೇವನಹಳ್ಳಿ ತಲುಪಿದೆವು. ದ್ವಾರದಲ್ಲಿ ಟಿಕೆಟ್ಟನ್ನು ನೋಡಿದ ಭದ್ರತಾ ಸಿಬ್ಬಂದಿ, ವಿಮಾನದ ಸಮಯ ಬದಲಾಗಿದೆ, ಹೋಗಿ ಕೌಂಟರಿನಲ್ಲಿ ಕೇಳಿ ಎಂದರು. ಕೌಂಟರಿನ ಹುಡುಗಿ ಪರದೆಯನ್ನೇ ನಮ್ಮತ್ತ ತಿರುಗಿಸಿ ತೋರಿಸಿದಳು. ಹೊಸ ಸಮಯ ಮಧ್ಯಾಹ್ನ 3.10, ಸಂದೇಶ ನಾಲ್ಕು ದಿನಗಳ ಹಿಂದೆಯೇ ಹೋಗಿದೆ. ಹೋಗಿರುವುದು ಯಾರಿಗೆ? ಬುಕಿಂಗಿನಲ್ಲಿ ಏಜೆಂಟರು ಬರೆಸಿದ್ದದ್ದು ತಮ್ಮದೇ ಮೊಬೈಲ್ ಸಂಖ್ಯೆಯನ್ನು ಮತ್ತು ತಮ್ಮದೇ ಇಮೇಲನ್ನು. ನಮ್ಮ ಹೆಸರು, ವಯಸ್ಸು ಎಲ್ಲ ಸರಿಯಾಗಿದ್ದವು, ನಮ್ಮನ್ನು ತಲುಪುವ ದಾರಿ ಮಾತ್ರ ಇರಲಿಲ್ಲ.

ಈ ಒಂದು ಅಂಶವನ್ನು ನಾನು ಒತ್ತಿ ಹೇಳಬೇಕಾಗಿದೆ. ವಿಮಾನ ರದ್ದಾದಾಗ ಪ್ರಯಾಣಿಕರಿಗೆ ಪರಿಹಾರ ಕೊಡಬೇಕೆಂಬ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾಡಿದೆಯಾದರೂ, ಬುಕಿಂಗಿನ ವೇಳೆ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಆ ಪರಿಹಾರ ಸಲ್ಲುವುದಿಲ್ಲವೆಂದು ಅದೇ ನಿಯಮ ಹೇಳುತ್ತದೆ. ಟಿಕೆಟ್ಟು ಕೈಗೆ ಬಂದ ದಿನವೇ ಅದರಲ್ಲಿರುವ ಆರು ಅಕ್ಷರದ ಪಿಎನ್ಆರ್ ಹಾಕಿ ವಿಮಾನ ಸಂಸ್ಥೆಯ ಸ್ವಂತ ಆ್ಯಪಿನಲ್ಲಿ ನೋಡಿ, ಅಲ್ಲಿ ನಿಮ್ಮ ಸಂಖ್ಯೆ ಕಾಣದಿದ್ದರೆ ಏಜೆಂಟರು ಅದನ್ನು ಸೇರಿಸುವ ತನಕ ಬಿಡಬೇಡಿ. ನಾನು ಇದನ್ನು ಮಾಡಿದ್ದರೆ ಐದು ನಿಮಿಷವೂ ಹಿಡಿಯುತ್ತಿರಲಿಲ್ಲ.

ಮುಂಬೈಯಲ್ಲಿ ಇಳಿದಾಗ ಸಂಜೆ ಐದು ಗಂಟೆ. ನಾಟಕ ಆರಕ್ಕೆ. ಪೆಟ್ಟಿಗೆಗಳ ಸಮೇತ ಟ್ಯಾಕ್ಸಿ ಹಿಡಿದು ಪೃಥ್ವಿ ಥಿಯೇಟರ್ ಇರುವ ಜಾನಕಿ ಕುಟೀರದ ಓಣಿಗೆ ಹೋದಾಗ 6.15 ಆಗಿತ್ತು, ಬಾಗಿಲು ಮುಚ್ಚಿತ್ತು. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವೆಂಬುದು ಅಲ್ಲಿನ ಕಟ್ಟುನಿಟ್ಟಾದ ನಿಯಮ. ಮೂರು ಕಡೆ ಪ್ರೇಕ್ಷಕರು ಕುಳಿತು ನಡುವೆ ನಟರು ಆಡುವ, ಸುಮಾರು ಇನ್ನೂರು ಆಸನಗಳ ಪುಟ್ಟ ರಂಗಮಂದಿರವದು, ನಡುವೆ ಯಾರಾದರೂ ನುಸುಳಿದರೆ ನಟನ ಮೈಮೇಲೆಯೇ ಬಿದ್ದಂತಾಗುತ್ತದೆ. ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ. ಒಳಗಿನಿಂದ ಜನ ನಕ್ಕ ಸದ್ದು ಕೇಳುತ್ತಿತ್ತು, ನಾವು ಹೊರಗಿನ ಕೆಫೆಯಲ್ಲಿ ಪೆಟ್ಟಿಗೆ ಕಾಯುತ್ತ ಚಹಾ ಕುಡಿದೆವು.

ಅಂಧೇರಿಯ ಹೋಟೆಲಿನಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಕೋಣೆ ನಮ್ಮ ಹೆಸರಿನಲ್ಲಿದ್ದದ್ದು ನಿಜ, ಆದರೆ ಅದನ್ನು ಕಾಯ್ದಿರಿಸಿದ್ದು ‘ಹಣ ಹೋಟೆಲಿನಲ್ಲೇ ಪಾವತಿ’ ಎಂಬ ಲೆಕ್ಕದಲ್ಲಿ. ನನ್ನ ಬಳಿಯಿದ್ದ ವೋಚರಿನಲ್ಲಿ ಪೂರ್ತಿ ಹಣ ಸಂದಿದೆಯೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಮಗಳು ಅದನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ, ಆ ಒಂದು ಸಾಲಿನ ಅಕ್ಷರ ಮಾತ್ರ ಉಳಿದವುಗಳಿಗಿಂತ ತುಸು ದಪ್ಪವಾಗಿರುವುದನ್ನು ತೋರಿಸಿದಳು. ಏಜೆಂಟರು ಫೋನು ತೆಗೆಯಲಿಲ್ಲ. ರಾತ್ರಿ ಒಂಬತ್ತೂವರೆಗೆ ಹೆಂಗಸರನ್ನು ಕರೆದುಕೊಂಡು ಬೇರೆಲ್ಲಿಗೆ ಹೋಗುವುದು? ಎರಡು ರಾತ್ರಿಗೆ 11,400 ರೂಪಾಯಿಯನ್ನು ಮತ್ತೊಮ್ಮೆ ಕೊಟ್ಟು, ರಸೀದಿ ಬರೆಸಿಕೊಂಡೆ. ವೋಚರಿನ ಮೇಲಿರುವ ಸಂಖ್ಯೆಗಲ್ಲದೆ, ಹೋಟೆಲಿನ ಸಂಖ್ಯೆಯನ್ನು ನಾವೇ ಹುಡುಕಿ ಕರೆ ಮಾಡಿ, ಕೋಣೆ ಇದೆಯೇ ಎಂದಷ್ಟೇ ಕೇಳದೆ ಹಣ ಜಮೆಯಾಗಿದೆಯೇ ಎಂದೂ ಕೇಳಬೇಕಿತ್ತು.

ಭಾನುವಾರ ನರಿಮನ್ ಪಾಯಿಂಟಿನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದಲ್ಲಿ (ಎನ್‌ಸಿಪಿಎ) ನೋಡಬೇಕಿದ್ದ ನಾಟಕದ ಟಿಕೆಟ್ಟುಗಳಂತೂ ಇರಲೇ ಇಲ್ಲ. ನಮ್ಮ ಬುಕಿಂಗ್ ಸಂಖ್ಯೆ ಅವರ ಪಟ್ಟಿಯಲ್ಲಿ ಸಿಗಲಿಲ್ಲ. ಮನಸ್ಸು ತಡೆಯದೆ ಅಲ್ಲಿಂದ ದಾದರಿನ ಶಿವಾಜಿ ಮಂದಿರವೆಂಬ ರಂಗಮಂದಿರಕ್ಕೆ ಹೋಗಿ, ಕಿಟಕಿಯಲ್ಲಿ ಸರದಿ ನಿಂತು ಟಿಕೆಟ್ಟು ಕೊಂಡು ಒಂದು ಮರಾಠಿ ನಾಟಕ ನೋಡಿದೆವು. ಅರ್ಧಕ್ಕರ್ಧ ಮಾತು ಅರ್ಥವಾಗಲಿಲ್ಲ. ಇಡೀ ಪ್ರವಾಸದಲ್ಲಿ ಮೋಸವಿಲ್ಲದೆ ಸಿಕ್ಕಿದ್ದು ಅದೊಂದೇ, ಅದೂ ನಾವೇ ಕೊಂಡದ್ದು.

ಊರಿಗೆ ಬಂದ ಮೇಲೆ ಏಜೆಂಟರು ಸಿಬ್ಬಂದಿಯ ತಪ್ಪೆಂದು ಹೇಳಿ 8,000 ರೂಪಾಯಿ ಹಿಂದಿರುಗಿಸಿ, ಉಳಿದದ್ದಕ್ಕೆ ನಾಳೆ ನಾಡಿದ್ದೆಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅದರಿಂದ ಫಲ ಕಾಣದಾದಾಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷಗಳೊಳಗೆ ಕೊಡಬೇಕು, ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ವೋಚರು, ಹೋಟೆಲಿನ ರಸೀದಿ, ಬ್ಯಾಂಕಿನ ವಿವರ, ಏಜೆಂಟರ ಸಂದೇಶಗಳು ಎಲ್ಲವನ್ನೂ ಮುದ್ರಿಸಿ ಕೊಟ್ಟಿದ್ದೇನೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡದ್ದು ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ.

ಮುಂದಿನ ವಿಚಾರಣೆ ಬರುವ ತಿಂಗಳಿದೆ. ನಿನ್ನೆ ಆ ಅಂಗಡಿಯ ಮುಂದೆ ಹಾದುಹೋದಾಗ, ಬೇಸಿಗೆ ರಜೆಯ ಮುಂಬೈ ಪ್ಯಾಕೇಜಿನ ಹೊಸ ಫಲಕ ನೇತುಹಾಕಿದ್ದರು, ಒಳಗೆ ಇಬ್ಬರು ಕುಳಿತು ಹಣ ಎಣಿಸುತ್ತಿದ್ದರು.